ಚಿಪ್ಪಿನ ನೆನಪು, ಕರ್ನಲ್ಲಿನ ನೆನಪು

1980ರ ದಶಕದ ಆರಂಭದಲ್ಲಿ ಈಥರ್ನೆಟ್ ಎಂದರೆ ಒಂದೇ ಉದ್ದನೆಯ ಕೇಬಲ್. ಅದಕ್ಕೆ ಜೋಡಿಸಿದ ಕಂಪ್ಯೂಟರುಗಳಲ್ಲಿ ಒಂದು ಮಾತಾಡುತ್ತಿದ್ದರೆ ಉಳಿದವೆಲ್ಲ ಸುಮ್ಮನಿರಬೇಕು. ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್‌ನಲ್ಲಿದ್ದ ಮಾರ್ಕ್ ಕೆಂಪ್ಫ್ ಇಂಥ ಎರಡು ಕೇಬಲ್‌ಗಳ ನಡುವೆ ಕೂರುವ ಬ್ರಿಡ್ಜ್ ರೂಪಿಸಿದರು. ಅದರ ಉಪಾಯ ಸರಳ. ಬಂದ ಪ್ರತಿ ಫ್ರೇಮಿನಲ್ಲಿ, ಅಂದರೆ ಜಾಲದಲ್ಲಿ ಸಾಗುವ ದತ್ತಾಂಶದ ತುಣುಕಿನಲ್ಲಿ, ಕಳಿಸಿದವರ ವಿಳಾಸ ನೋಡಿ, ಆ ಯಂತ್ರ ಯಾವ ಕಡೆ ಇದೆ ಎಂದು ಕೋಷ್ಟಕದಲ್ಲಿ ಬರೆದುಕೊಳ್ಳುವುದು. ತಲುಪಬೇಕಾದ ವಿಳಾಸ ಅಲ್ಲಿ ಸಿಕ್ಕರೆ ಆ ಕಡೆಗಷ್ಟೇ ಕಳಿಸುವುದು, ಸಿಗದಿದ್ದರೆ ಬಂದ ದಾರಿ ಬಿಟ್ಟು ಎಲ್ಲ ಕಡೆಗೂ ಹರಡುವುದು. ಯಾರೂ ಏನನ್ನೂ ಮೊದಲೇ ಹೇಳಿಕೊಡಬೇಕಿಲ್ಲ. ಈ ನಿಯಮ ಇಂದಿಗೂ ಹಾಗೆಯೇ ಉಳಿದಿದೆ. ಬ್ರಿಡ್ಜುಗಳ ನಡುವೆ ಸುತ್ತುದಾರಿ ಉಂಟಾದರೆ ಫ್ರೇಮುಗಳು ಕೊನೆಯಿಲ್ಲದೆ ತಿರುಗುತ್ತವೆ. ಅದನ್ನು ತಡೆಯುವ ಸ್ಪ್ಯಾನಿಂಗ್ ಟ್ರೀ ವಿಧಾನವನ್ನು ಅದೇ ಕಂಪನಿಯ ರೇಡಿಯಾ ಪರ್ಲ್‌ಮನ್ 1985ರಲ್ಲಿ ಪ್ರಕಟಿಸಿದರು.

ಮುಂದೆ ವೇಗದ ಒತ್ತಡ ಬಂತು. 1987ರಲ್ಲಿ ವಿನೋದ್ ಭಾರದ್ವಾಜ್ ಮತ್ತು ಲ್ಯಾರಿ ಬ್ಲೇರ್ ಕಟ್ಟಿದ ಕಲ್ಪನಾ ಎಂಬ ಕಂಪನಿ 1990ರಲ್ಲಿ ಏಳು ಪೋರ್ಟುಗಳ ಈಥರ್ನೆಟ್ ಸ್ವಿಚ್ ಮಾರುಕಟ್ಟೆಗೆ ತಂದಿತು. 1994ರಲ್ಲಿ ಸಿಸ್ಕೊ ಅದನ್ನು ಕೊಂಡಿತು. ಸ್ವಿಚ್ ಅಂದರೂ ಅದು ಹಲವು ಪೋರ್ಟುಗಳ ಬ್ರಿಡ್ಜೇ. ಹತ್ತು ಮೆಗಾಬಿಟ್ ಜಾಲದಲ್ಲಿ ಅತಿ ಚಿಕ್ಕ ಫ್ರೇಮುಗಳು ಸೆಕೆಂಡಿಗೆ 14,880 ಬರಬಹುದು. ಹತ್ತು ಗಿಗಾಬಿಟ್‌ನಲ್ಲಿ ಸುಮಾರು 67 ನ್ಯಾನೊಸೆಕೆಂಡಿಗೊಂದು ಬರುತ್ತದೆ. ಪ್ರೊಸೆಸರು ಮೆಮೊರಿಯಿಂದ ಒಂದು ಸಲ ಏನನ್ನೋ ತರಿಸಿಕೊಳ್ಳುವಷ್ಟರಲ್ಲಿ ಆ ಸಮಯ ಮುಗಿದಿರುತ್ತದೆ. ಹಾಗಾಗಿ ಕೋಷ್ಟಕವೂ ಹುಡುಕಾಟವೂ ಚಿಪ್ಪಿನೊಳಗೆ ಹೋದವು.

ಅದೇ ಹೊತ್ತಿಗೆ ಸಾಫ್ಟ್‌ವೇರ್ ಬ್ರಿಡ್ಜ್ ಬೇರೆ ಬಾಗಿಲಿನಿಂದ ಮರಳಿತು. ಲೆನರ್ಟ್ ಬೈಟೆನ್‌ಹೆಕ್ ಹೊಸದಾಗಿ ಬರೆದ ಬ್ರಿಡ್ಜ್, ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್ಲಿನ 2.4ನೇ ಆವೃತ್ತಿಯ ಭಾಗವಾಯಿತು. ಒಂದು ಸರ್ವರಿನಲ್ಲಿ ಹತ್ತಾರು ವರ್ಚುವಲ್ ಮಷಿನ್‌ಗಳು ಓಡತೊಡಗಿದಾಗ ಅವುಗಳ ನಡುವಿನ ಸ್ವಿಚ್ ಅದೇ ಆಯಿತು. ಇಲ್ಲಿ ಕೇಬಲ್ಲೇ ಇಲ್ಲ, ಇರುವುದು ಮೆಮೊರಿ ಮಾತ್ರ. 2009ರಲ್ಲಿ ಓಪನ್ ವಿಸ್ವಿಚ್ ಎಂಬ ಸಾಫ್ಟ್‌ವೇರ್ ಸ್ವಿಚ್ ಬಂದು ದೊಡ್ಡ ಕ್ಲೌಡ್ ಕೇಂದ್ರಗಳ ಅಗತ್ಯಕ್ಕೆ ಒದಗಿತು. 2016ರಲ್ಲಿ ಕರ್ನಲ್ಲಿಗೆ ಸೇರಿದ ಎಕ್ಸ್‌ಡಿಪಿ, ಪ್ಯಾಕೆಟ್ಟನ್ನು ಡ್ರೈವರಿನ ಹಂತದಲ್ಲೇ ತೀರ್ಮಾನಿಸಿ ಕಳಿಸುವ ದಾರಿ ತೆರೆಯಿತು. ಇವುಗಳ ಕಥೆಯನ್ನು ಬಹಳ ಮಂದಿ ಹೇಳಿದ್ದಾರೆ. ನನಗೆ ಹೆಚ್ಚು ಮುಖ್ಯವೆನಿಸುವುದು ಚಿಪ್ಪೂ ಕರ್ನಲ್ಲೂ ಒಂದೇ ಪೆಟ್ಟಿಗೆಯಲ್ಲಿ ಕೂಡಿ ಬಾಳಬೇಕಾದ ಜಾಗ.

ಆ ಪೆಟ್ಟಿಗೆ ಬಹುತೇಕ ಮನೆಗಳಲ್ಲಿದೆ. ವೈಫೈ ರೌಟರಿನ ಹಿಂದಿರುವ ನಾಲ್ಕೈದು ಪೋರ್ಟುಗಳು ಸಾಮಾನ್ಯವಾಗಿ ಒಂದು ಸ್ವಿಚ್ ಚಿಪ್ಪಿಗೆ ಸೇರಿರುತ್ತವೆ. ಆ ಚಿಪ್ ಒಳಗಿನ ಒಂದು ಕೊಂಡಿಯ ಮೂಲಕ ಪ್ರೊಸೆಸರಿಗೆ ಸೇರಿರುತ್ತದೆ. ವೈಫೈ ಮಾತ್ರ ಚಿಪ್ಪಿನ ಆಚೆ, ಪ್ರೊಸೆಸರಿನ ಕಡೆ. ಎರಡನ್ನೂ ಒಂದೇ ಜಾಲವಾಗಿಸುವುದು ಕರ್ನಲ್ಲಿನ ಬ್ರಿಡ್ಜ್. 2008ರಲ್ಲಿ ಲಿನಕ್ಸ್ ಸೇರಿದ ಡಿಎಸ್‌ಎ ವ್ಯವಸ್ಥೆ, ಕೊಂಡಿಯಲ್ಲಿ ಹಾದುಹೋಗುವ ಪ್ರತಿ ಫ್ರೇಮಿಗೂ ಅದು ಯಾವ ಪೋರ್ಟಿನದು ಎಂಬ ಗುರುತು ಅಂಟಿಸಿ, ಚಿಪ್ಪಿನ ಒಂದೊಂದು ಪೋರ್ಟನ್ನೂ ಬೇರೆ ಬೇರೆ ಇಂಟರ್‌ಫೇಸಾಗಿ ತೋರಿಸಿತು. ಆದರೆ ಆಗ ಪೋರ್ಟಿನಿಂದ ಪೋರ್ಟಿಗೆ ಹೋಗುವ ಫ್ರೇಮೂ ಪ್ರೊಸೆಸರನ್ನು ಸುತ್ತಿಕೊಂಡೇ ಹೋಗಬೇಕಿತ್ತು. 2015ರ ಆರಂಭದಲ್ಲಿ ಲಿನಕ್ಸ್ 3.19ರೊಂದಿಗೆ ಬಂದ ಸ್ವಿಚ್‌ಡೆವ್, ಬ್ರಿಡ್ಜಿನ ಕೆಲಸವನ್ನು ಚಿಪ್ಪಿಗೆ ಒಪ್ಪಿಸಲು ಒಂದು ಸಾಮಾನ್ಯ ಕ್ರಮ ಒದಗಿಸಿತು. ಜಾಲದ ಆಡಳಿತ ಮಾಡುವವರಿಗೆ ಮೊದಲಿದ್ದ ಆದೇಶಗಳೇ ಸಾಕಾದವು.

ತೊಡಕು ಶುರುವಾದದ್ದು ಅಲ್ಲಿಂದ. ಒಂದೇ ಅಂಗಡಿಗೆ ಎರಡು ಲೆಕ್ಕದ ಪುಸ್ತಕ ಇಟ್ಟಂತಾಯಿತು. ಎಲ್ಲರಿಗೂ ಉದ್ದೇಶಿಸಿದ ಒಂದು ಬ್ರಾಡ್‌ಕಾಸ್ಟ್ ಫ್ರೇಮ್ ಬಂದಾಗ ಚಿಪ್ ಅದನ್ನು ಉಳಿದ ಪೋರ್ಟುಗಳಿಗೆಲ್ಲ ಹರಡಿ, ಪ್ರೊಸೆಸರಿಗೂ ಒಂದು ಪ್ರತಿ ಕೊಡುತ್ತದೆ. ಕರ್ನಲ್ಲಿನ ಬ್ರಿಡ್ಜ್ ತನ್ನ ನಿಯಮದಂತೆ ಅದನ್ನು ಮತ್ತೆ ಹರಡಿದರೆ ಆ ಪೋರ್ಟುಗಳಿಗೆಲ್ಲ ಎರಡೆರಡು ಪ್ರತಿ! ಇದಕ್ಕೆ ಕಂಡ ಮದ್ದು, ಚಿಪ್ ಆಗಲೇ ಹರಡಿದ ಫ್ರೇಮಿನ ಮೇಲೆ ಡ್ರೈವರ್ ಒಂದು ಗುರುತು ಹಾಕುವುದು. ಆಗ ಬ್ರಿಡ್ಜ್ ಅದನ್ನು ವೈಫೈಗೆ ಮಾತ್ರ ಕಳಿಸಿ, ಚಿಪ್ಪಿನ ಪೋರ್ಟುಗಳನ್ನು ಬಿಟ್ಟುಬಿಡುತ್ತದೆ.

ಇದಕ್ಕಿಂತ ಸೂಕ್ಷ್ಮವಾದದ್ದು ಓಡಾಡುವ ಫೋನಿನ ಪ್ರಸಂಗ. ಮಹಡಿಯ ಮೇಲೊಂದು, ಕೆಳಗೊಂದು ರೌಟರಿದ್ದು, ಮೇಲಿನದರ ತಂತಿ ಕೆಳಗಿನದರ ಮೊದಲನೆಯ ಪೋರ್ಟಿಗೆ ಸೇರಿದೆ ಎನ್ನೋಣ. ಫೋನು ಮೇಲಿದ್ದಾಗ ಕೆಳಗಿನ ಚಿಪ್, ಅದು ಮೊದಲನೆಯ ಪೋರ್ಟಿನ ಆಚೆ ಇದೆ ಎಂದು ಕಲಿತಿರುತ್ತದೆ. ಫೋನು ಹಿಡಿದವರು ಕೆಳಗಿಳಿದು ಬಂದರೆ ಅದು ಕೆಳಗಿನ ವೈಫೈಗೆ ಸೇರುತ್ತದೆ. ಕರ್ನಲ್ಲಿನ ಬ್ರಿಡ್ಜಿಗೆ ಅದು ತಕ್ಷಣ ಗೊತ್ತಾಗುತ್ತದೆ. ಚಿಪ್ಪಿಗೆ ಗೊತ್ತಾಗುವುದಿಲ್ಲ, ಏಕೆಂದರೆ ಎಷ್ಟೋ ಚಿಪ್ಪುಗಳು ಪ್ರೊಸೆಸರ್ ಕಳಿಸಿದ ಫ್ರೇಮುಗಳಿಂದ ವಿಳಾಸ ಕಲಿಯುವುದಿಲ್ಲ. ಎರಡನೆಯ ಪೋರ್ಟಿನಲ್ಲಿರುವ ಕಂಪ್ಯೂಟರು ಫೋನಿಗೆ ಏನು ಕಳಿಸಿದರೂ ಚಿಪ್ ಅದನ್ನು ಮಹಡಿಗೇ ಅಟ್ಟುತ್ತದೆ. ಕೋಷ್ಟಕದ ಹಳೆಯ ನಮೂದು ಅಳಿಯಲು ವಾಡಿಕೆಯ ಅವಧಿ 300 ಸೆಕೆಂಡು. ಆ ಐದು ನಿಮಿಷವೂ ಸಿಗ್ನಲ್ ತುಂಬಿರುತ್ತದೆ, ಕೆಲಸ ಮಾತ್ರ ನಿಂತಿರುತ್ತದೆ. 2021ರಲ್ಲಿ ಡಿಎಸ್‌ಎಗೆ ತಂದ ಬದಲಾವಣೆಯಿಂದ, ವೈಫೈ ಕಡೆ ಬ್ರಿಡ್ಜ್ ಕಲಿತ ವಿಳಾಸವನ್ನು ಚಿಪ್ಪಿನ ಕೋಷ್ಟಕಕ್ಕೂ ಬರೆಯುವ ಏರ್ಪಾಡಾಯಿತು: ಈ ಫೋನು ಪ್ರೊಸೆಸರಿನ ಕಡೆ ಇದೆ ಎಂದು.

ಬರೀ ವೇಗ ಹೆಚ್ಚಿಸಿದ ಸಾಧನೆಗಳಿಗಿಂತ ಇಂಥ ತಿದ್ದುಪಡಿಗಳನ್ನೇ ನಾನು ದೊಡ್ಡವೆಂದು ಎಣಿಸುತ್ತೇನೆ. ಎರಡು ನೆನಪುಗಳಲ್ಲಿ ವ್ಯತ್ಯಾಸ ಕಂಡರೆ ಯಾವುದನ್ನು ನಂಬಬೇಕು ಎಂಬುದಕ್ಕೆ ಲಿನಕ್ಸ್ ಬಳಗ ಒಂದು ನಿಲುವು ತಳೆದಿದೆ: ಬ್ರಿಡ್ಜ್ ಹೇಗೆ ನಡೆಯಬೇಕೆಂದು ಹೇಳುವುದು ಸಾಫ್ಟ್‌ವೇರ್, ಚಿಪ್ ಅದನ್ನು ವೇಗವಾಗಿ ನಡೆಸಿಕೊಡಬೇಕು. 2018ರಿಂದ ಕರ್ನಲ್ಲಿನ ಜೊತೆಗೇ ಬರುವ ಫಾರ್ವರ್ಡಿಂಗ್ ಪರೀಕ್ಷೆಗಳು ಈ ನಿಲುವನ್ನು ಬರಹದಿಂದ ಕೆಲಸಕ್ಕೆ ಇಳಿಸಿವೆ. ಒಂದೇ ಪರೀಕ್ಷೆಯನ್ನು ತಂತಿಯಿಲ್ಲದ ವರ್ಚುವಲ್ ಪೋರ್ಟುಗಳ ಮೇಲೂ ನಿಜವಾದ ಸ್ವಿಚ್ಚಿನ ಮೇಲೂ ಓಡಿಸಬಹುದು. ಮೊದಲನೆಯದರಲ್ಲಿ ಗೆದ್ದು ಎರಡನೆಯದರಲ್ಲಿ ಸೋತರೆ, ಮೊದಲು ಪರಿಶೀಲಿಸಬೇಕಾದದ್ದು ಚಿಪ್ಪಿನ ಡ್ರೈವರನ್ನು.