ಜ್ವರ ಕಾಯುತ್ತಿದ್ದ ನೆಲ

ಉತ್ತರಾಖಂಡ ಎಂದೊಡನೆ ನಮಗೆ ನೆನಪಾಗುವುದು ಹಿಮದ ಬೆಟ್ಟಗಳು, ಕೇದಾರ, ಬದರಿ. ಆ ರಾಜ್ಯದ ಅನ್ನದ ಬಟ್ಟಲು ಇರುವುದು ಬೆಟ್ಟದ ಬುಡದಲ್ಲಿ. ರುದ್ರಪುರ ಕೇಂದ್ರವಾಗಿರುವ ಉಧಮ್ ಸಿಂಗ್ ನಗರ ಜಿಲ್ಲೆ ಕಣ್ಣು ಹಾಯುವಷ್ಟು ದೂರ ಸಪಾಟಾದ ಬಯಲು. ಭತ್ತ, ಗೋಧಿ, ಕಬ್ಬು ಇಲ್ಲಿನ ಬೆಳೆಗಳು. 1995ರವರೆಗೆ ಇದು ನೈನಿತಾಲ್ ಜಿಲ್ಲೆಯ ಭಾಗವಾಗಿತ್ತು. ಇನ್ನೂ ಐವತ್ತು ವರ್ಷ ಹಿಂದಕ್ಕೆ ಹೋದರೆ ಇಲ್ಲಿದ್ದದ್ದು ಆಳೆತ್ತರ ಮೀರಿ ಬೆಳೆದ ಹುಲ್ಲು, ಜೊಂಡು, ಮುಳ್ಳುಪೊದೆ, ಕಾಲಿಟ್ಟರೆ ಹೂತುಹೋಗುವ ಜೌಗು. ಹುಲಿ, ಆನೆಗಳಿಗಿಂತ ಹೆಚ್ಚಾಗಿ ಜನ ಹೆದರುತ್ತಿದ್ದದ್ದು ಇಲ್ಲಿ ಒಂದು ರಾತ್ರಿ ತಂಗುವುದಕ್ಕೆ.

ಈ ಬದಲಾವಣೆಯನ್ನು ಸಾಮಾನ್ಯವಾಗಿ ನೇಗಿಲು ಮತ್ತು ಟ್ರಾಕ್ಟರಿನ ಸಾಹಸದ ಕತೆಯಾಗಿ ಹೇಳುತ್ತಾರೆ. ಅದು ಸುಳ್ಳಲ್ಲ. ಆದರೆ ಆ ಕಾಲದ ದಾಖಲೆಗಳನ್ನೂ ಅಧ್ಯಯನಗಳನ್ನೂ ಓದುತ್ತಾ ಹೋದ ನನಗೆ, ಕತೆಯ ತಿರುವು ಒಂದು ಸೊಳ್ಳೆಯಲ್ಲಿದೆ ಅನ್ನಿಸಿತು. ಜೊತೆಗೆ, ಎಲ್ಲ ಬರಹಗಳಲ್ಲೂ ಸಲೀಸಾಗಿ ಬಂದುಹೋಗುವ ‘ಪಾಳುನೆಲ’ ಎಂಬ ಮಾತು ಕಾಡತೊಡಗಿತು.

ಮೊದಲು ನೆಲದ ಸ್ವಭಾವ. ಹಿಮಾಲಯದ ಹೊರಸಾಲಾದ ಶಿವಾಲಿಕ್ ಬೆಟ್ಟಗಳಿಂದ ಇಳಿಯುವ ಹೊಳೆಗಳು ಬುಡದಲ್ಲಿ ಗುಂಡುಕಲ್ಲು, ಗರಸು ಚೆಲ್ಲುತ್ತವೆ. ಆ ಕಲ್ಲುಪಟ್ಟಿಗೆ ಭಾಭರ್ ಎಂದು ಹೆಸರು. ಸಣ್ಣ ಹೊಳೆಗಳು ಅಲ್ಲಿ ಕಲ್ಲಿನ ಸಂದಿಗಳಲ್ಲಿ ಇಂಗಿ ಮಾಯವಾಗುತ್ತವೆ. ಕೆಲವು ಮೈಲಿ ಕೆಳಗೆ ಮಣ್ಣು ನುಣುಪಾಗುತ್ತಿದ್ದಂತೆ, ಇಂಗಿದ ನೀರು ಒರತೆಗಳಾಗಿ ಮತ್ತೆ ಮೇಲೇಳುತ್ತದೆ. ಅದೇ ತರಾಯಿ. ಕೆಲವೆಡೆ ಕೊಳವೆ ಇಳಿಸಿದರೆ ಸಾಕು, ಪಂಪಿನ ಹಂಗಿಲ್ಲದೆ ನೀರು ತಾನಾಗಿ ಉಕ್ಕುತ್ತಿತ್ತು. ನೀರೂ ಇತ್ತು, ಫಲವತ್ತಾದ ಮಣ್ಣೂ ಇತ್ತು. ಹಾಗಿದ್ದೂ ಗಂಗೆಯ ಬಯಲಿನ ರೈತರು ಇಲ್ಲಿಗೆ ಬರಲಿಲ್ಲವೇಕೆ?

ಉತ್ತರ: ಮಲೇರಿಯ. ಕುಮಾವೂಂ ಬೆಟ್ಟದ ಜನ ಚಳಿಗಾಲದಲ್ಲಿ ದನಕರುಗಳೊಂದಿಗೆ ಭಾಭರಿಗೆ ಇಳಿದು, ಬೇಸಾಯ ಮಾಡಿ, ಮಳೆಗಾಲಕ್ಕೆ ಮುಂಚೆ ಬೆಟ್ಟ ಹತ್ತಿಬಿಡುತ್ತಿದ್ದರು. ಬ್ರಿಟಿಷ್ ಅಧಿಕಾರಿಗಳ ತಿರುಗಾಟವೂ ಚಳಿಗಾಲಕ್ಕೆ ಸೀಮಿತವಾಗಿತ್ತು. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಮಲೆನಾಡಿನಲ್ಲೂ ಚಳಿಜ್ವರ, ಹೊಟ್ಟೆಯೊಳಗಿನ ಜ್ವರಗಡ್ಡೆ ಮನೆಮನೆಯ ಮಾತಾಗಿದ್ದ ಕಾಲ ಬಹಳ ದೂರದ್ದೇನಲ್ಲ. ಎರಡೂ ಕಡೆ ಜ್ವರ ಹರಡುತ್ತಿದ್ದವುಗಳಲ್ಲಿ ಒಂದು ಒಂದೇ ಜಾತಿಯ ಸೊಳ್ಳೆ: ಅನಾಫಿಲಿಸ್ ಫ್ಲೂವಿಯಾಟಿಲಿಸ್. ತರಾಯಿಯಲ್ಲಿ ಅದರ ಜೊತೆಗೆ ಅನಾಫಿಲಿಸ್ ಮಿನಿಮಸ್ ಎಂಬ ಇನ್ನೊಂದು ಜಾತಿಯೂ ಇತ್ತು. ಇವೆರಡೂ ಮೊಟ್ಟೆಯಿಡುವುದು ಕೊಳೆತ ಕೊಚ್ಚೆಯಲ್ಲಲ್ಲ, ಹುಲ್ಲಂಚಿನ ತೊರೆಗಳಲ್ಲಿ ಮೆಲ್ಲಗೆ ಹರಿಯುವ ತಿಳಿನೀರಿನಲ್ಲಿ. ಹಾಗಾಗಿ ಜೌಗಿನ ನೀರು ಬಸಿದುಬಿಟ್ಟರೆ ಜ್ವರ ಹೋಗುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯುವಂತಿರಲಿಲ್ಲ.

ಹಾಗೆಂದು ತರಾಯಿ ನಿರ್ಜನವಾಗಿತ್ತೇ? ಇಲ್ಲ. ಖಟೀಮಾ, ಸಿತಾರ್‌ಗಂಜ್ ಕಡೆ ಥಾರು ಜನ, ಬಾಜ್‌ಪುರ, ಗದರ್‌ಪುರ ಕಡೆ ಬುಕ್ಸಾ ಜನ ತಲೆತಲಾಂತರದಿಂದ ನೆಲೆಸಿದ್ದರು. ಭತ್ತ ಬೆಳೆಯುತ್ತಿದ್ದರು, ದನ ಸಾಕುತ್ತಿದ್ದರು, ತೊರೆಗಳಲ್ಲಿ ಮೀನು ಹಿಡಿಯುತ್ತಿದ್ದರು. ಹೊರಗಿನವರನ್ನು ಕೊಲ್ಲುವ ಜ್ವರ ಇವರನ್ನು ಅಷ್ಟಾಗಿ ಬಾಧಿಸುವುದಿಲ್ಲ ಎಂಬುದನ್ನು ಹಳೆಯ ಅಧಿಕಾರಿಗಳು ಅಚ್ಚರಿಯಿಂದ ಗಮನಿಸಿದ್ದರು. ನೇಪಾಳದ ತರಾಯಿಯ ಥಾರುಗಳ ಬಗ್ಗೆ 1988ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಊಹೆಗೆ ಪುರಾವೆ ಒದಗಿಸಿತು. ಅಕ್ಕಪಕ್ಕದಲ್ಲೇ ಬದುಕುವ ಇತರರಿಗೆ ಹೋಲಿಸಿದರೆ ಥಾರುಗಳಲ್ಲಿ ಮಲೇರಿಯ ಸುಮಾರು ಏಳು ಪಟ್ಟು ಕಡಿಮೆಯಿತ್ತು. ಥಲಸ್ಸೀಮಿಯ ಎಂಬ ರಕ್ತದ ಒಂದು ಆನುವಂಶಿಕ ಗುಣ ಇದಕ್ಕೆ ಮುಖ್ಯ ಕಾರಣ ಎಂದು ಅದರ ಮುಂದಿನ ಸಂಶೋಧನೆಗಳು ತೋರಿಸಿದವು. ಎಷ್ಟೋ ತಲೆಮಾರುಗಳ ಸಾವುನೋವುಗಳ ಬೆಲೆ ತೆತ್ತು ಪಡೆದ ರಕ್ಷಣೆ ಅದು. ಒಂದರ್ಥದಲ್ಲಿ ಜ್ವರವೇ ಅವರ ಹೊಲಗಳಿಗೆ ಬೇಲಿಯಾಗಿತ್ತು.

ಆ ಬೇಲಿ ಬಿದ್ದದ್ದು ಸ್ವಾತಂತ್ರ್ಯದ ಆಸುಪಾಸಿನಲ್ಲಿ. ಎರಡನೇ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ ಜಮೀನು ಕೊಡಲು ತರಾಯಿ ವಸಾಹತು ಯೋಜನೆ ರೂಪುಗೊಂಡಿತ್ತು. 1947ರ ಸೆಪ್ಟೆಂಬರಿನಲ್ಲಿ ಕಿಚ್ಛಾದಲ್ಲಿ ಯೋಜನೆಯ ಮಲೇರಿಯ ನಿಯಂತ್ರಣದ ಕೆಲಸ ಶುರುವಾಗುವ ಹೊತ್ತಿಗೆ ದೇಶ ಇಬ್ಭಾಗವಾಗಿ, ನಿರಾಶ್ರಿತರು ಲಕ್ಷಗಟ್ಟಲೆ ಬರುತ್ತಿದ್ದರು. ಇದೇ ತರಾಯಿಯ ಪೂರ್ವದಲ್ಲಿ 1920ರ ದಶಕದಲ್ಲಿ ಶಾರದಾ ಕಾಲುವೆ ತೋಡುವಾಗ ಮಲೇರಿಯ ತಡೆಯುವುದೇ ಎಂಜಿನಿಯರುಗಳಿಗೆ ದೊಡ್ಡ ಕೆಲಸವಾಗಿತ್ತು. ಈ ಸಲ ಕೈಯಲ್ಲಿ ಹೊಸ ಅಸ್ತ್ರವೊಂದಿತ್ತು: ಡಿಡಿಟಿ.

ಈ ಅಸ್ತ್ರದ ಮೊದಲ ಪರೀಕ್ಷೆಗಳಲ್ಲಿ ಒಂದು ನಡೆದದ್ದು ನಮ್ಮ ನೆಲದಲ್ಲೇ. 1946ರಲ್ಲಿ ಆಗಿನ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಡಾ. ಡಿ.ಕೆ. ವಿಶ್ವನಾಥನ್ ಮನೆಗಳ ಗೋಡೆಗೆ ಡಿಡಿಟಿ ಹೊಡೆಸಿ, ಜ್ವರ ಇಳಿಯುವುದನ್ನು ತೋರಿಸಿದ್ದರು. 1953ರ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯಕ್ರಮಕ್ಕೆ ಇಂಥ ಪ್ರಯೋಗಗಳೇ ಬುನಾದಿ. ಇದರ ಗುಟ್ಟು ಸರಳ. ಮನುಷ್ಯರ ರಕ್ತ ಕುಡಿದ ಹೆಣ್ಣುಸೊಳ್ಳೆ ಮನೆಯೊಳಗಿನ ಗೋಡೆಯ ಮೇಲೆ ಕೂತು ದಣಿವಾರಿಸಿಕೊಳ್ಳುತ್ತದೆ. ಗೋಡೆಗೆ ಅಂಟಿದ ಮದ್ದು ಅಲ್ಲೇ ಅದನ್ನು ಕೊಲ್ಲುತ್ತದೆ. ಮನೆಯೊಳಗೇ ಕಚ್ಚಿ, ಮನೆಯೊಳಗೇ ಕೂರುವ ಮಿನಿಮಸ್‌ಗೆ ಈ ಅಭ್ಯಾಸವೇ ಮುಳುವಾಯಿತು. ಕೆಲವೇ ವರ್ಷಗಳಲ್ಲಿ ಅದು ತರಾಯಿಯಲ್ಲಿ ಹುಡುಕಿದರೂ ಸಿಗದಂತಾಯಿತು.

ಆಮೇಲೆ ಜನ ಬಂದರು. ಪಶ್ಚಿಮ ಪಂಜಾಬಿನಲ್ಲಿ ಹೊಲಮನೆ ಬಿಟ್ಟು ಬಂದ ಸಿಖ್ಖರು ಮತ್ತು ಹಿಂದೂಗಳು, ಪೂರ್ವ ಬಂಗಾಳದಿಂದ ಓಡಿಬಂದು ದಿನೇಶ್‌ಪುರ, ಶಕ್ತಿಫಾರಂಗಳಲ್ಲಿ ನೆಲೆಯೂರಿದವರು, ನಿವೃತ್ತ ಸೈನಿಕರು, ಸ್ವಾತಂತ್ರ್ಯ ಹೋರಾಟಗಾರರು. ಟ್ರಾಕ್ಟರುಗಳು ಹುಲ್ಲುಗಾಡನ್ನು ಬೇರುಸಹಿತ ಮಗುಚಿದವು. ಜೌಗಿನ ನೀರು ಹರಿದುಹೋಗಲು ಕಾಲುವೆ ತೋಡಲಾಯಿತು. ಮೊದಲ ವರ್ಷಗಳಲ್ಲಿ ಗುಡಿಸಲುಗಳಲ್ಲಿದ್ದು, ಹಗಲು ಪೊದೆ ಕಡಿದು, ರಾತ್ರಿ ಕಾಡುಹಂದಿ ಕಾಯ್ದವರ ಬೆವರನ್ನು ಯಾರೂ ಕೀಳು ಮಾಡುವಂತಿಲ್ಲ. ಎಲ್ಲ ಕಳೆದುಕೊಂಡು ಬಂದವರಿಗೆ ಈ ಮಣ್ಣು ಎರಡನೇ ಹುಟ್ಟು ಕೊಟ್ಟಿತು.

ಇದೇ ತರಾಯಿಯ ಸರ್ಕಾರಿ ಫಾರಂನ ನೆಲದಲ್ಲಿ, ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ನೆರವಿನೊಂದಿಗೆ, ದೇಶದ ಮೊದಲ ಕೃಷಿ ವಿಶ್ವವಿದ್ಯಾಲಯ ಎದ್ದಿತು. 1960ರ ನವೆಂಬರ್ 17ರಂದು ನೆಹರೂ ಅದನ್ನು ಉದ್ಘಾಟಿಸಿದರು. ಅದೇ ಇಂದಿನ ಪಂತ್‌ನಗರ ವಿಶ್ವವಿದ್ಯಾಲಯ. ಪಾಠ, ಸಂಶೋಧನೆ, ರೈತರ ಹೊಲದ ಕೆಲಸ ಮೂರನ್ನೂ ಒಂದೇ ಸೂರಿನಡಿ ತರುವ ಆ ಮಾದರಿಯಲ್ಲೇ 1964ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ನಮ್ಮ ಕೃಷಿ ವಿಶ್ವವಿದ್ಯಾಲಯವೂ ಹುಟ್ಟಿತು. 1969ರಲ್ಲಿ ಸ್ಥಾಪನೆಯಾದ ತರಾಯಿ ಅಭಿವೃದ್ಧಿ ನಿಗಮದ ಮೂಲಕ ಹೊಸ ಗಿಡ್ಡ ತಳಿಯ ಗೋಧಿ ಬೀಜ ಉತ್ತರ ಭಾರತದ ಉದ್ದಗಲಕ್ಕೂ ಹೋಯಿತು. ಜನ ತಂಗಲು ಹೆದರುತ್ತಿದ್ದ ನೆಲ ಹಸಿರು ಕ್ರಾಂತಿಯ ಬೀಜದ ಕಣಜವಾಯಿತು.

ಈಗ ಲೆಕ್ಕದ ಇನ್ನೊಂದು ಮಗ್ಗುಲು. ಬೇಲಿ ಬಿದ್ದ ಮೇಲೆ ಥಾರು ಮತ್ತು ಬುಕ್ಸಾ ಜನರ ಜಮೀನಿಗೆ ಸಾಲದ ಪತ್ರಗಳ ಮೂಲಕ, ಹೆಬ್ಬೆಟ್ಟಿನ ಗುರುತುಗಳ ಮೂಲಕ ಹೊರಗಿನವರು ಒಡೆಯರಾದರು. ಭೂದಾಖಲೆ ಎಂದರೇನೆಂದು ತಿಳಿಯುವ ಮೊದಲೇ ಎಷ್ಟೋ ಮನೆಗಳವರು ತಮ್ಮದೇ ಹೊಲದಲ್ಲಿ ಕೂಲಿಯಾಳುಗಳಾಗಿದ್ದರು. 1967ರಲ್ಲಿ ಈ ಎರಡೂ ಸಮುದಾಯಗಳನ್ನು ಉತ್ತರ ಪ್ರದೇಶದ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು. ಜಮೀನು ಪರಭಾರೆ ತಡೆಯುವ ಕಾನೂನುಗಳೂ ಬಂದವು. ಕೈಬಿಟ್ಟುಹೋದ ನೆಲದಲ್ಲಿ ಹಿಂದಿರುಗಿದ್ದು ಅಲ್ಪ. ರಕ್ತದಲ್ಲಿದ್ದ ರಕ್ಷಣೆ ಸೊಳ್ಳೆಯ ಎದುರು ಕೆಲಸ ಮಾಡಿತ್ತು. ಕಾಗದದ ಎದುರು ಅವರಿಗೆ ಯಾವ ರಕ್ಷಣೆಯೂ ಇರಲಿಲ್ಲ.

ನೆಲವೂ ತನ್ನ ಲೆಕ್ಕ ಒಪ್ಪಿಸುತ್ತಿದೆ. ನೀರು ತಾನಾಗಿ ಉಕ್ಕುತ್ತಿದ್ದ ಕಡೆ ಅಂತರ್ಜಲ ಇಳಿಯುತ್ತಿದೆ. ಗೋಧಿ ಕೊಯ್ಲಿಗೂ ಮಳೆಗಾಲದ ಭತ್ತಕ್ಕೂ ನಡುವೆ ಇನ್ನೊಂದು ಬೇಸಿಗೆ ಭತ್ತ ಬೆಳೆಯುವುದಕ್ಕೆ ಇತ್ತೀಚಿನ ವರ್ಷಗಳಲ್ಲಿ ಜಿಲ್ಲಾಡಳಿತವೇ ನಿರ್ಬಂಧ ಹೇರಿದೆ. ನೀರು ಹೆಚ್ಚಾಯಿತೆಂದು ಬಸಿದ ನೆಲದಲ್ಲಿ ಇಂದು ನೀರು ಉಳಿಸುವ ಮಾತು.

ಇಷ್ಟೆಲ್ಲ ಹೇಳಿ, ತರಾಯಿ ಜೌಗಾಗಿಯೇ ಇರಬೇಕಿತ್ತು ಎಂದು ನಾನು ಹೇಳಲಾರೆ. ಮಲೇರಿಯದಿಂದ ಪಾರಾದ ಮಕ್ಕಳನ್ನು, ನೆಲೆ ಕಂಡ ನಿರಾಶ್ರಿತರನ್ನು, ಹಸಿವಿನ ವರ್ಷಗಳಲ್ಲಿ ದೇಶಕ್ಕೆ ದಕ್ಕಿದ ಗೋಧಿಯನ್ನು ತಕ್ಕಡಿಯಿಂದ ತೆಗೆದಿಡಲು ಆಗದು. ನನ್ನ ತಕರಾರು ಆ ಒಂದು ಪದದ ಜೊತೆ. ನಮ್ಮ ಪಹಣಿಯಲ್ಲೂ ‘ಖರಾಬು’ ಎಂಬ ಕಾಲಂ ಇದೆ. ಕಂದಾಯ ಹುಟ್ಟದ ನೆಲಕ್ಕೆ ಸರ್ಕಾರ ಇಟ್ಟ ಹೆಸರು ಅದು. ಆ ಖರಾಬಿನಲ್ಲಿ ಯಾರ ದನ ಮೇಯುತ್ತಿದೆ, ಯಾವ ತೊರೆ ಹುಟ್ಟುತ್ತಿದೆ, ಯಾರ ಹಿರಿಯರ ಸಮಾಧಿ ಇದೆ ಎಂಬುದನ್ನು ಆ ಕಾಲಂ ಹೇಳುವುದಿಲ್ಲ. ಪಾಳುಬಿದ್ದ ನೆಲವನ್ನು ಹಸನು ಮಾಡಿದ ಕತೆಯನ್ನು ಇನ್ನು ಯಾವ ಜಿಲ್ಲೆಯ ಚರಿತ್ರೆಯಲ್ಲಿ ಓದಿದರೂ, ಅದಕ್ಕೆ ಮುಂಚೆ ಅಲ್ಲಿ ಯಾರಿದ್ದರು ಎಂದು ಕೇಳುವುದರಿಂದಲೇ ನಾವು ಓದು ಶುರುಮಾಡಬಹುದು.