ಬೆಕ್ಕುಗಳಲ್ಲಿ ಮಧುಮೇಹದ ನಿರ್ವಹಣೆ

ಬೆಕ್ಕುಗಳಲ್ಲಿ ಮಧುಮೇಹ ಎಂಬುದು ಸಾಕುಬೆಕ್ಕಿನ ದೇಹದಲ್ಲಿ ಇನ್ಸುಲಿನ್ ಹಾರ್ಮೋನು ಸಾಕಷ್ಟು ಉತ್ಪತ್ತಿಯಾಗದೆ, ಅಥವಾ ಉತ್ಪತ್ತಿಯಾದ ಇನ್ಸುಲಿನ್‌ಗೆ ಜೀವಕೋಶಗಳು ಸರಿಯಾಗಿ ಸ್ಪಂದಿಸದೆ, ರಕ್ತದಲ್ಲಿ ಗ್ಲೂಕೋಸ್ ಪ್ರಮಾಣ ನಿರಂತರವಾಗಿ ಏರಿರುವ ಕಾಯಿಲೆಯಾಗಿದೆ. ಇದು ನಡುವಯಸ್ಸು ದಾಟಿದ ಬೆಕ್ಕುಗಳಲ್ಲಿ ಕಂಡುಬರುವ ಪ್ರಮುಖ ಹಾರ್ಮೋನು ಸಂಬಂಧಿ ಕಾಯಿಲೆಗಳಲ್ಲಿ ಒಂದು. ದಿನಕ್ಕೆ ಎರಡು ಬಾರಿ ಇನ್ಸುಲಿನ್ ಚುಚ್ಚುಮದ್ದು, ಕಡಿಮೆ ಪಿಷ್ಟದ ಆಹಾರ ಮತ್ತು ರಕ್ತದ ಸಕ್ಕರೆಯ ಪರೀಕ್ಷೆ ಇದರ ಚಿಕಿತ್ಸೆಯ ಮೂರು ಮುಖ್ಯ ಅಂಗಗಳು. ಬೆಕ್ಕಿಗೆ ಒಮ್ಮೆಗೆ ಬೇಕಾಗುವ ಇನ್ಸುಲಿನ್ ಸಾಮಾನ್ಯವಾಗಿ ಒಂದೆರಡು ಯೂನಿಟ್‌ಗಳಷ್ಟೇ ಇರುವುದರಿಂದ, ಅಳತೆಯಲ್ಲಿ ಆಗುವ ಸಣ್ಣ ತಪ್ಪೂ ಪ್ರಾಣಾಪಾಯಕ್ಕೆ ಕಾರಣವಾಗಬಲ್ಲದು.

## ಕಾರಣಗಳು

ಬೆಕ್ಕಿನ ಮಧುಮೇಹವು ಹೆಚ್ಚಿನ ಸಂದರ್ಭಗಳಲ್ಲಿ ಮನುಷ್ಯರ ಎರಡನೇ ಬಗೆಯ ಮಧುಮೇಹವನ್ನು ಹೋಲುತ್ತದೆ. ಮೊದಲು ಜೀವಕೋಶಗಳು ಇನ್ಸುಲಿನ್‌ಗೆ ಸ್ಪಂದಿಸುವುದು ಕುಗ್ಗುತ್ತದೆ. ಅದನ್ನು ಸರಿದೂಗಿಸಲು ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ಹೆಚ್ಚು ದುಡಿದು ಕ್ರಮೇಣ ಬಳಲುತ್ತವೆ. ಈ ಕೋಶಗಳ ಸುತ್ತ ಅಮೈಲಾಯ್ಡ್ ಎಂಬ ಪ್ರೋಟೀನು ಶೇಖರವಾಗುವುದು ಸಹ ಬೆಕ್ಕುಗಳಲ್ಲಿ ಸಾಮಾನ್ಯ.

ಬೊಜ್ಜು, ಹೆಚ್ಚಿದ ವಯಸ್ಸು, ಚಟುವಟಿಕೆಯಿಲ್ಲದ ಒಳಾಂಗಣ ಜೀವನ ಹಾಗೂ ಗಂಡುಬೆಕ್ಕುಗಳಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಅಪಾಯವನ್ನು ಹೆಚ್ಚಿಸುವ ಅಂಶಗಳಾಗಿವೆ. ಬರ್ಮೀಸ್ ತಳಿಯಲ್ಲಿ ಈ ಕಾಯಿಲೆ ಹೆಚ್ಚು. ಚರ್ಮದ ತುರಿಕೆ ಅಥವಾ ಉಬ್ಬಸಕ್ಕಾಗಿ ಪ್ರೆಡ್ನಿಸೊಲೋನ್‌ನಂತಹ ಸ್ಟಿರಾಯ್ಡ್ ಔಷಧಗಳನ್ನು ದೀರ್ಘಕಾಲ ನೀಡಿದಾಗಲೂ ಮಧುಮೇಹ ತಲೆದೋರಬಹುದು. ಪಿಟ್ಯುಟರಿ ಗ್ರಂಥಿಯಿಂದ ಬೆಳವಣಿಗೆಯ ಹಾರ್ಮೋನು ಅತಿಯಾಗಿ ಸ್ರವಿಸುವ ಅಕ್ರೋಮೆಗಲಿ ಇದ್ದಲ್ಲಿ ಸಾಮಾನ್ಯ ಪ್ರಮಾಣದ ಇನ್ಸುಲಿನ್‌ನಿಂದ ಸಕ್ಕರೆ ಹತೋಟಿಗೆ ಬರುವುದಿಲ್ಲ.

## ಲಕ್ಷಣಗಳು ಮತ್ತು ರೋಗನಿರ್ಣಯ

ಅತಿಯಾದ ಬಾಯಾರಿಕೆ, ಪದೇ ಪದೇ ಹೆಚ್ಚು ಪ್ರಮಾಣದಲ್ಲಿ ಮೂತ್ರ ಹೋಗುವುದು, ಹಸಿವು ಹೆಚ್ಚಿದ್ದರೂ ತೂಕ ಇಳಿಯುವುದು ಪ್ರಮುಖ ಲಕ್ಷಣಗಳು. ಕೆಲವು ಬೆಕ್ಕುಗಳಲ್ಲಿ ಹಿಂಗಾಲಿನ ನರಗಳು ದುರ್ಬಲಗೊಂಡು, ಬೆರಳ ಮೇಲೆ ನಡೆಯುವ ಬದಲು ಹಿಮ್ಮಡಿಯನ್ನು ನೆಲಕ್ಕೂರಿ ನಡೆಯುವುದು ಕಾಣುತ್ತದೆ. ಸಕ್ಕರೆ ಹತೋಟಿಗೆ ಬಂದರೆ ಈ ನಡಿಗೆ ಹಲವು ಬಾರಿ ಸುಧಾರಿಸುತ್ತದೆ.

ಹೆದರಿದ ಬೆಕ್ಕಿನ ರಕ್ತದ ಸಕ್ಕರೆ ಕಾಯಿಲೆಯಿಲ್ಲದಿದ್ದರೂ ತಾತ್ಕಾಲಿಕವಾಗಿ ಏರುತ್ತದೆ. ಆದ್ದರಿಂದ ಆಸ್ಪತ್ರೆಯಲ್ಲಿ ಒಮ್ಮೆ ಸಿಕ್ಕ ಹೆಚ್ಚಿನ ಅಂಕಿಯನ್ನು ಮಾತ್ರ ಆಧರಿಸಿ ಮಧುಮೇಹವೆಂದು ನಿರ್ಧರಿಸಲಾಗುವುದಿಲ್ಲ. ಮೂತ್ರದಲ್ಲಿ ಗ್ಲೂಕೋಸ್ ಇರುವುದನ್ನು ಪರೀಕ್ಷಿಸುವುದು, ಹಿಂದಿನ ಒಂದೆರಡು ವಾರಗಳ ಸರಾಸರಿ ಸಕ್ಕರೆಯನ್ನು ಸೂಚಿಸುವ ಫ್ರಕ್ಟೋಸಮೀನ್ ಪರೀಕ್ಷೆ ಹಾಗೂ ಲಕ್ಷಣಗಳು ಮೂರೂ ಸೇರಿ ರೋಗನಿರ್ಣಯಕ್ಕೆ ಆಧಾರವಾಗುತ್ತವೆ.

## ಇನ್ಸುಲಿನ್ ಚಿಕಿತ್ಸೆ

### ವಿಧಗಳು

ಇನ್ಸುಲಿನ್ ಅನ್ನು 1921ರಲ್ಲಿ ಕೆನಡಾದ ಟೊರೊಂಟೊದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳ ಮೂಲಕ ಕಂಡುಹಿಡಿಯಲಾಯಿತು. ಇಂದು ಬೆಕ್ಕುಗಳಿಗೆ ದೀರ್ಘಕಾಲ ಕೆಲಸ ಮಾಡುವ ಗ್ಲಾರ್ಜಿನ್ ಮತ್ತು ಪ್ರೋಟಮಿನ್ ಜಿಂಕ್ ಇನ್ಸುಲಿನ್‌ಗಳನ್ನು ಹೆಚ್ಚಾಗಿ ಸೂಚಿಸಲಾಗುತ್ತದೆ. ಹಂದಿಯ ಇನ್ಸುಲಿನ್‌ನಿಂದ ತಯಾರಿಸಿದ ಪಶುವೈದ್ಯಕೀಯ ಲೆಂಟೆ ಇನ್ಸುಲಿನ್ ಸಹ ಬಳಕೆಯಲ್ಲಿದೆ.

ಗ್ಲಾರ್ಜಿನ್ ಮೂಲತಃ ಮನುಷ್ಯರಿಗಾಗಿ ತಯಾರಾದ ಔಷಧ. ಬೆಂಗಳೂರಿನ ಬಯೋಕಾನ್ ಸಂಸ್ಥೆಯು 2004ರಲ್ಲಿ ಇನ್ಸುಜೆನ್ ಎಂಬ ಮಾನವ ಇನ್ಸುಲಿನ್ ಅನ್ನು, 2009ರಲ್ಲಿ ಬಸಲಾಗ್ ಎಂಬ ಗ್ಲಾರ್ಜಿನ್ ಅನ್ನು ಭಾರತದ ಮಾರುಕಟ್ಟೆಗೆ ತಂದಿತು. ಮನುಷ್ಯರಿಗೆ ವ್ಯಾಪಕವಾಗಿ ನೀಡುವ 30/70 ಮಿಶ್ರ ಇನ್ಸುಲಿನ್ ಬೆಕ್ಕಿನ ದೈನಂದಿನ ಚಿಕಿತ್ಸೆಗೆ ಸೂಕ್ತವಲ್ಲ. ಬೆಕ್ಕಿನ ದೇಹದಲ್ಲಿ ಅದರ ಪರಿಣಾಮ ತೀವ್ರವಾಗಿ ಆರಂಭವಾಗಿ ಬೇಗನೆ ಮುಗಿಯುತ್ತದೆ. ಮನೆಯ ಸದಸ್ಯರಿಗೆಂದು ತಂದಿಟ್ಟ ಇನ್ಸುಲಿನ್ ಅನ್ನು ಪಶುವೈದ್ಯರ ಸಲಹೆಯಿಲ್ಲದೆ ಬೆಕ್ಕಿಗೆ ನೀಡುವುದು ಅಪಾಯಕಾರಿ.

### ಪ್ರಮಾಣ

ಆರಂಭಿಕ ಪ್ರಮಾಣವನ್ನು ಬೆಕ್ಕಿನ ಆದರ್ಶ ತೂಕದ ಪ್ರತಿ ಕಿಲೋಗ್ರಾಂಗೆ 0.25ರಿಂದ 0.5 ಯೂನಿಟ್ ಎಂಬ ಲೆಕ್ಕದಲ್ಲಿ, 12 ಗಂಟೆಗಳಿಗೊಮ್ಮೆ ನಿಗದಿಪಡಿಸಲಾಗುತ್ತದೆ. ಸುಮಾರು 4 ಕಿಲೋಗ್ರಾಂ ತೂಕದ ಬೆಕ್ಕಿಗೆ ಇದು 1ರಿಂದ 2 ಯೂನಿಟ್ ಆಗುತ್ತದೆ. ಬೆಕ್ಕು ಎಷ್ಟೇ ದಪ್ಪವಾಗಿದ್ದರೂ ಆರಂಭದಲ್ಲಿ ಒಮ್ಮೆಗೆ 2 ಯೂನಿಟ್ ಮೀರಬಾರದೆಂಬುದು ಸಾಮಾನ್ಯ ನಿಯಮ.

ಪ್ರಮಾಣವನ್ನು ಹೆಚ್ಚಿಸುವಾಗ ಅರ್ಧದಿಂದ ಒಂದು ಯೂನಿಟ್‌ನಷ್ಟು ಮಾತ್ರ ಬದಲಿಸಿ, ದೇಹ ಹೊಂದಿಕೊಳ್ಳಲು ಸಾಮಾನ್ಯವಾಗಿ ಸುಮಾರು ಒಂದು ವಾರ ಕಾಯಲಾಗುತ್ತದೆ. ಒಂದು ದಿನದ ಹೆಚ್ಚಿನ ಅಂಕಿಯನ್ನು ಕಂಡು ಅಂದೇ ಪ್ರಮಾಣ ಏರಿಸುವುದು ಸಕ್ಕರೆ ಕುಸಿತಕ್ಕೆ ದಾರಿಯಾಗುತ್ತದೆ. ಆದರೆ ಸಕ್ಕರೆ ತೀರಾ ಇಳಿದದ್ದು ಕಂಡುಬಂದಾಗ ಪ್ರಮಾಣ ತಗ್ಗಿಸಲು ವಾರ ಕಾಯುವಂತಿಲ್ಲ.

### ಸಾಂದ್ರತೆ ಮತ್ತು ಸಿರಿಂಜ್

ಭಾರತದಲ್ಲಿ ಇನ್ಸುಲಿನ್ ಮುಖ್ಯವಾಗಿ ಎರಡು ಸಾಂದ್ರತೆಗಳಲ್ಲಿ ದೊರೆಯುತ್ತದೆ. ಯು-40 ಎಂದರೆ ಒಂದು ಮಿಲಿಲೀಟರ್‌ನಲ್ಲಿ 40 ಯೂನಿಟ್, ಯು-100 ಎಂದರೆ ಒಂದು ಮಿಲಿಲೀಟರ್‌ನಲ್ಲಿ 100 ಯೂನಿಟ್. ಮಾನವ ಇನ್ಸುಲಿನ್‌ನ ಅನೇಕ ಬಾಟಲಿಗಳು ಹಾಗೂ ಪಶುವೈದ್ಯಕೀಯ ಲೆಂಟೆ ಇನ್ಸುಲಿನ್ ಯು-40 ಆಗಿದ್ದರೆ, ಬೆಕ್ಕುಗಳಿಗೆ ಬಳಸುವ ಗ್ಲಾರ್ಜಿನ್ ಯು-100 ಆಗಿದೆ. ಎರಡಕ್ಕೂ ಸಿರಿಂಜ್‌ಗಳು ಬೇರೆ ಬೇರೆ. ಯು-40 ಸಿರಿಂಜ್‌ಗೆ ಸಾಮಾನ್ಯವಾಗಿ ಕೆಂಪು ಮುಚ್ಚಳ, ಯು-100 ಸಿರಿಂಜ್‌ಗೆ ಕಿತ್ತಳೆ ಬಣ್ಣದ ಮುಚ್ಚಳ ಇರುತ್ತದೆ. ಸಿರಿಂಜ್ ಅದಲುಬದಲಾದಾಗ 1 ಯೂನಿಟ್ ಗೆರೆಯವರೆಗೆ ಎಳೆದ ಔಷಧದ ನಿಜವಾದ ಪ್ರಮಾಣ ಹೀಗಿರುತ್ತದೆ:

| ಇನ್ಸುಲಿನ್ | ಸಿರಿಂಜ್ | ಬೆಕ್ಕಿಗೆ ಸೇರುವ ಪ್ರಮಾಣ |
|---|---|---|
| ಯು-40 | ಯು-40 | 1 ಯೂನಿಟ್ |
| ಯು-100 | ಯು-100 | 1 ಯೂನಿಟ್ |
| ಯು-100 | ಯು-40 | 2.5 ಯೂನಿಟ್ |
| ಯು-40 | ಯು-100 | 0.4 ಯೂನಿಟ್ |

ಮೂರನೇ ಸಾಲಿನ ತಪ್ಪು ಮಾರಣಾಂತಿಕವಾಗಬಹುದು. ಔಷಧದ ಅಂಗಡಿಯಲ್ಲಿ ಸಿರಿಂಜ್ ಕೊಳ್ಳುವಾಗ ಮುಚ್ಚಳದ ಬಣ್ಣವನ್ನಷ್ಟೇ ನಂಬದೆ, ಬಾಟಲಿ ಮತ್ತು ಸಿರಿಂಜ್ ಎರಡರ ಮೇಲೂ ಮುದ್ರಿತವಾದ ಸಂಖ್ಯೆಯನ್ನು ಪ್ರತಿ ಬಾರಿ ಹೋಲಿಸಿ ನೋಡಬೇಕಾಗುತ್ತದೆ. ಅರ್ಧ ಯೂನಿಟ್ ಗೆರೆಗಳಿರುವ 0.3 ಮಿಲಿಲೀಟರ್ ಸಿರಿಂಜ್ ಸಣ್ಣ ಪ್ರಮಾಣವನ್ನು ಅಳೆಯಲು ಅನುಕೂಲಕರ.

### ಚುಚ್ಚುಮದ್ದು ನೀಡುವ ಕ್ರಮ

ಚುಚ್ಚುಮದ್ದನ್ನು ಪಕ್ಕೆ ಅಥವಾ ಹೊಟ್ಟೆಯ ಬದಿಯ ಸಡಿಲ ಚರ್ಮವನ್ನು ಎತ್ತಿ ಹಿಡಿದು ಅದರ ಅಡಿಗೆ ನೀಡಲಾಗುತ್ತದೆ. ಒಂದೇ ಜಾಗದಲ್ಲಿ ಚರ್ಮ ಗಟ್ಟಿಯಾಗದಂತೆ ಜಾಗವನ್ನು ಬದಲಿಸಲಾಗುತ್ತದೆ. ಬೆಕ್ಕು ಆಹಾರ ತಿಂದುದನ್ನು ಖಚಿತಪಡಿಸಿಕೊಂಡ ನಂತರವೇ ಔಷಧ ನೀಡುವುದು ಸುರಕ್ಷಿತ. ಬೆಕ್ಕು ಊಟ ಬಿಟ್ಟಿದ್ದರೆ ಅಥವಾ ವಾಂತಿ ಮಾಡುತ್ತಿದ್ದರೆ ಎಂದಿನ ಪೂರ್ಣ ಪ್ರಮಾಣ ನೀಡುವ ಮೊದಲು ಪಶುವೈದ್ಯರನ್ನು ಕೇಳಬೇಕು.

ಬೆಕ್ಕು ಕೊಸರಿಕೊಂಡು ಔಷಧ ಕೂದಲಿನ ಮೇಲೆ ಚೆಲ್ಲಿದ ಸಂಶಯವಿದ್ದರೂ ಮತ್ತೊಮ್ಮೆ ಚುಚ್ಚಬಾರದು. ಒಂದು ಹೊತ್ತಿನ ಔಷಧ ತಪ್ಪಿದರೆ ಮುಂದಿನ ಹೊತ್ತಿಗೆ ದುಪ್ಪಟ್ಟು ನೀಡಬಾರದು. ಒಂದು ಹೊತ್ತು ಸಕ್ಕರೆ ಹೆಚ್ಚಿದ್ದರೆ ಆಗುವ ಹಾನಿಗಿಂತ ಇನ್ಸುಲಿನ್ ಹೆಚ್ಚಾದರೆ ಆಗುವ ಹಾನಿ ತ್ವರಿತ ಮತ್ತು ತೀವ್ರವಾದುದು.

## ಮನೆಯಲ್ಲಿ ರಕ್ತದ ಸಕ್ಕರೆ ಪರೀಕ್ಷೆ

ಬೆಕ್ಕು ತನಗೆ ಪರಿಚಿತವಾದ ಮನೆಯಲ್ಲಿ ಕಡಿಮೆ ಹೆದರುವುದರಿಂದ, ಅಲ್ಲಿ ಸಿಗುವ ಅಂಕಿಗಳು ಆಸ್ಪತ್ರೆಯ ಅಂಕಿಗಳಿಗಿಂತ ಹೆಚ್ಚು ವಿಶ್ವಾಸಾರ್ಹ. ಕಿವಿಯ ಅಂಚಿನ ರಕ್ತನಾಳದ ಬಳಿ ಅಥವಾ ಪಾದದ ಮೆತ್ತೆಯಲ್ಲಿ ಸಣ್ಣ ಸೂಜಿಯಿಂದ ಚುಚ್ಚಿ ಒಂದು ಹನಿ ರಕ್ತ ಪಡೆಯಲಾಗುತ್ತದೆ. ಬೆಚ್ಚಗಿನ ಬಟ್ಟೆಯಿಂದ ಕಿವಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ರಕ್ತ ಸುಲಭವಾಗಿ ಬರುತ್ತದೆ. ನಂತರ ಹತ್ತಿಯಿಂದ ಒತ್ತಿ ರಕ್ತ ನಿಲ್ಲಿಸಿ, ತಿನ್ನಲು ಮೀನು ಅಥವಾ ಮಾಂಸದ ಚೂರು ಕೊಟ್ಟರೆ ಬೆಕ್ಕು ಕ್ರಮೇಣ ಪರೀಕ್ಷೆಗೆ ಒಗ್ಗಿಕೊಳ್ಳುತ್ತದೆ.

ಮನುಷ್ಯರಿಗಾಗಿ ತಯಾರಾದ ಗ್ಲುಕೋಮೀಟರ್‌ಗಳು ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ಅಂಕಿ ತೋರಿಸುತ್ತವೆ. ಪ್ರಾಣಿಗಳಿಗೆಂದೇ ಹೊಂದಿಸಿದ ಮೀಟರ್‌ಗಳೂ ಇವೆ. ಯಾವುದನ್ನು ಬಳಸಿದರೂ ನಡುವೆ ಬದಲಿಸದೆ ಒಂದೇ ಮೀಟರ್ ಬಳಸಿ, ಅದರ ಹೆಸರನ್ನು ಪಶುವೈದ್ಯರಿಗೆ ತಿಳಿಸಿದರೆ ಅಂಕಿಗಳನ್ನು ಸರಿಯಾಗಿ ಅರ್ಥೈಸಲು ಸಾಧ್ಯ. ಚರ್ಮಕ್ಕೆ ಅಂಟಿಸುವ, ಮನುಷ್ಯರಿಗಾಗಿ ರೂಪಿಸಿದ 14 ದಿನಗಳ ಸೆನ್ಸರ್‌ಗಳನ್ನು ಬೆಕ್ಕುಗಳಲ್ಲೂ ಬಳಸಲಾಗುತ್ತದೆ. ಅವು ತೋರಿಸುವ ತೀರಾ ಕಡಿಮೆ ಅಂಕಿಯನ್ನು ರಕ್ತದ ಹನಿಯಿಂದ ದೃಢಪಡಿಸಿಕೊಳ್ಳುವುದು ಒಳ್ಳೆಯದು.

ಪ್ರತಿ ಚುಚ್ಚುಮದ್ದಿನ ಮೊದಲು ಪರೀಕ್ಷಿಸುವುದು ಸುರಕ್ಷಿತ ಕ್ರಮ. ಯಾವ ಅಂಕಿಗಿಂತ ಕಡಿಮೆಯಿದ್ದರೆ ಇನ್ಸುಲಿನ್ ನೀಡಬಾರದು ಎಂಬುದನ್ನು ಪಶುವೈದ್ಯರಿಂದ ಮೊದಲೇ ಬರೆಸಿಕೊಳ್ಳಲಾಗುತ್ತದೆ.

### ಗ್ಲೂಕೋಸ್ ನಕ್ಷೆ

ಇನ್ಸುಲಿನ್ ನೀಡಿದ ನಂತರ 12 ಗಂಟೆಗಳ ಕಾಲ ಸುಮಾರು ಎರಡು ಗಂಟೆಗೊಮ್ಮೆ ಪರೀಕ್ಷಿಸಿ ಬರೆದ ಅಂಕಿಗಳ ಸರಣಿಯನ್ನು ಗ್ಲೂಕೋಸ್ ನಕ್ಷೆ ಎನ್ನುತ್ತಾರೆ. ಸಕ್ಕರೆ ಅತಿ ಕೆಳಕ್ಕೆ ಇಳಿಯುವ ಹಂತ ಎಷ್ಟು, ಅದು ಯಾವಾಗ ಬರುತ್ತದೆ ಮತ್ತು ಔಷಧದ ಪರಿಣಾಮ ಎಷ್ಟು ಹೊತ್ತು ಉಳಿಯುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ಅತಿ ಕೆಳಗಿನ ಅಂಕಿ ಪ್ರತಿ ಡೆಸಿಲೀಟರ್‌ಗೆ 80ರಿಂದ 150 ಮಿಲಿಗ್ರಾಂ ನಡುವೆ ಇರುವುದು ಸಾಮಾನ್ಯ ಗುರಿ. ಬೆಳಗಿನ ಒಂದೇ ಅಂಕಿ ನೋಡಿ ಪ್ರಮಾಣ ಹೆಚ್ಚಿಸಿದರೆ, ಮಧ್ಯಾಹ್ನ ಸಕ್ಕರೆ ಆಗಲೇ ತೀರಾ ಇಳಿಯುತ್ತಿರುವುದು ಗಮನಕ್ಕೆ ಬಾರದೆ ಹೋಗಬಹುದು. ಅಂಕಿಗಳ ಜೊತೆಗೆ ಬೆಕ್ಕು ಕುಡಿದ ನೀರು, ತೂಕ ಮತ್ತು ಹಸಿವನ್ನೂ ದಾಖಲಿಸಲಾಗುತ್ತದೆ.

## ತುರ್ತು ಸ್ಥಿತಿಗಳು

### ಸಕ್ಕರೆ ಕುಸಿತ

ರಕ್ತದ ಸಕ್ಕರೆ ಪ್ರತಿ ಡೆಸಿಲೀಟರ್‌ಗೆ ಸುಮಾರು 60 ಮಿಲಿಗ್ರಾಂಗಿಂತ ಕೆಳಗಿಳಿದರೆ ಅದನ್ನು ಸಕ್ಕರೆ ಕುಸಿತ ಎಂದು ಪರಿಗಣಿಸಲಾಗುತ್ತದೆ. ನಿಶ್ಶಕ್ತಿ, ತೂರಾಡುವ ನಡಿಗೆ, ಒಮ್ಮೆಲೇ ವಿಪರೀತ ಹಸಿವು, ನಡುಕ, ಫಿಟ್ಸ್ ಮತ್ತು ಪ್ರಜ್ಞಾಹೀನತೆ ಇದರ ಲಕ್ಷಣಗಳು. ಕೆಲವು ಬೆಕ್ಕುಗಳು ಸುಮ್ಮನೆ ಮೂಲೆಯಲ್ಲಿ ಅಡಗಿ ಕೂರುತ್ತವೆ.

ಬೆಕ್ಕು ಎಚ್ಚರವಾಗಿದ್ದು ನುಂಗಲು ಶಕ್ತವಾಗಿದ್ದರೆ ಕೂಡಲೇ ಆಹಾರ ಕೊಡಬೇಕು. ತಿನ್ನಲಾರದ ಸ್ಥಿತಿಯಲ್ಲಿದ್ದರೆ ಜೇನುತುಪ್ಪವನ್ನು ಅಥವಾ ನೀರಿನಲ್ಲಿ ಗಟ್ಟಿಯಾಗಿ ಕಲಸಿದ ಗ್ಲೂಕೋಸ್ ಪುಡಿಯನ್ನು ಒಸಡಿಗೆ ಸವರಲಾಗುತ್ತದೆ. ದ್ರವವನ್ನು ಗಂಟಲಿಗೆ ಸುರಿದರೆ ಶ್ವಾಸಕೋಶ ಸೇರುವ ಅಪಾಯವಿದೆ. ಫಿಟ್ಸ್ ಬಂದಿರುವಾಗ ಬಾಯಿಯೊಳಗೆ ಬೆರಳಿಡಬಾರದು. ಚೇತರಿಸಿಕೊಂಡಂತೆ ಕಂಡರೂ ದೀರ್ಘಕಾಲದ ಇನ್ಸುಲಿನ್ ದೇಹದಲ್ಲಿ ಇನ್ನೂ ಕೆಲಸ ಮಾಡುತ್ತಿರುವುದರಿಂದ ಸಕ್ಕರೆ ಮತ್ತೆ ಇಳಿಯಬಹುದು. ಆದ್ದರಿಂದ ತಕ್ಷಣ ಪಶುವೈದ್ಯರ ಬಳಿಗೆ ಒಯ್ಯುವುದು ಅಗತ್ಯ.

### ಕೀಟೋಆಸಿಡೋಸಿಸ್

ಇನ್ಸುಲಿನ್ ಕೊರತೆ ತೀವ್ರವಾದಾಗ ದೇಹವು ಕೊಬ್ಬನ್ನು ಕರಗಿಸಿ ಶಕ್ತಿ ಪಡೆಯುತ್ತದೆ. ಆಗ ಉತ್ಪತ್ತಿಯಾಗುವ ಕೀಟೋನ್‌ಗಳು ರಕ್ತವನ್ನು ಆಮ್ಲೀಯಗೊಳಿಸುತ್ತವೆ. ಊಟ ಬಿಡುವುದು, ವಾಂತಿ, ಮಂಕುತನ ಮತ್ತು ನಿರ್ಜಲೀಕರಣ ಇದರ ಚಿಹ್ನೆಗಳು. ಇದಕ್ಕೆ ಮನೆಮದ್ದಿಲ್ಲ. ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ದ್ರವ ನೀಡುವುದು ಅನಿವಾರ್ಯ.

## ಆಹಾರ

ಬೆಕ್ಕು ಸಂಪೂರ್ಣ ಮಾಂಸಾಹಾರಿ ಪ್ರಾಣಿ. ಮಧುಮೇಹವಿರುವ ಬೆಕ್ಕಿಗೆ ಪ್ರೋಟೀನು ಹೆಚ್ಚಿರುವ, ಪಿಷ್ಟದಿಂದ ಬರುವ ಶಕ್ತಿ ಒಟ್ಟು ಶಕ್ತಿಯ ಸುಮಾರು ಶೇ. 12ಕ್ಕಿಂತ ಕಡಿಮೆ ಇರುವ ಆಹಾರವನ್ನು ಶಿಫಾರಸು ಮಾಡಲಾಗುತ್ತದೆ. ಒಣ ಕಾಳಿನ ರೂಪದ ಸಿದ್ಧ ಆಹಾರಕ್ಕಿಂತ ಡಬ್ಬಿಯ ಹಸಿ ಆಹಾರದಲ್ಲಿ ಸಾಮಾನ್ಯವಾಗಿ ಪಿಷ್ಟ ಕಡಿಮೆ. ಹಾಲಿನಲ್ಲಿ ಕಲಸಿದ ಜೋಳದ ರೊಟ್ಟಿ ಅಥವಾ ಅನ್ನ ಕರ್ನಾಟಕದ ಮನೆಗಳಲ್ಲಿ ಬೆಕ್ಕಿಗೆ ಹಾಕುವ ರೂಢಿಯ ಆಹಾರವಾದರೂ ಪಿಷ್ಟವೇ ಅದರ ಮುಖ್ಯ ಭಾಗ. ಬೇಯಿಸಿದ ಕೋಳಿ ಮಾಂಸ ಅಥವಾ ಮೀನು ಇದಕ್ಕಿಂತ ಮೇಲು. ಮನೆಯ ಆಹಾರವನ್ನೇ ನೀಡುವುದಾದರೆ ಟಾರಿನ್ ಮತ್ತು ಕ್ಯಾಲ್ಸಿಯಂ ಪೂರೈಕೆಯ ಬಗ್ಗೆ ಪಶುವೈದ್ಯರ ಸಲಹೆ ಅಗತ್ಯ.

ಇನ್ಸುಲಿನ್ ಪಡೆಯುತ್ತಿರುವ ಬೆಕ್ಕಿನ ಆಹಾರದಲ್ಲಿ ಪಿಷ್ಟವನ್ನು ಒಮ್ಮೆಲೇ ತಗ್ಗಿಸಿದರೆ ಹಳೆಯ ಪ್ರಮಾಣದ ಇನ್ಸುಲಿನ್ ಅತಿಯಾಗುತ್ತದೆ. ಆಹಾರ ಬದಲಿಸುವಾಗ ಔಷಧದ ಪ್ರಮಾಣವನ್ನೂ ಮರುಪರಿಶೀಲಿಸಬೇಕಾಗುತ್ತದೆ.

## ಬಾಯಿಯ ಮೂಲಕ ನೀಡುವ ಔಷಧಗಳು

ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2022ರ ಡಿಸೆಂಬರ್‌ನಲ್ಲಿ ಬೆಕ್ಸಗ್ಲಿಫ್ಲೋಜಿನ್ ಮಾತ್ರೆಯನ್ನು, 2023ರಲ್ಲಿ ವೆಲಗ್ಲಿಫ್ಲೋಜಿನ್ ದ್ರವೌಷಧವನ್ನು ಬೆಕ್ಕುಗಳಿಗಾಗಿ ಅನುಮೋದಿಸಿತು. ಇವು ಮೂತ್ರದ ಮೂಲಕ ಗ್ಲೂಕೋಸ್ ಹೊರಹೋಗುವಂತೆ ಮಾಡುತ್ತವೆ. ಸಕ್ಕರೆಯ ಅಂಕಿ ಸಹಜವಾಗಿರುವಾಗಲೇ ಕೀಟೋಆಸಿಡೋಸಿಸ್ ಉಂಟಾಗಬಹುದಾದ ಕಾರಣ, ಆಯ್ದ ಬೆಕ್ಕುಗಳಿಗೆ ಮಾತ್ರ ನಿಗಾವಹಿಸಿ ನೀಡಲಾಗುತ್ತದೆ. ಮನುಷ್ಯರ ಮೆಟ್‌ಫಾರ್ಮಿನ್ ಮಾತ್ರೆ ಬೆಕ್ಕಿಗೆ ಇನ್ಸುಲಿನ್‌ನ ಬದಲಿಯಲ್ಲ.

## ಉಪಶಮನ

ಮಧುಮೇಹ ಪತ್ತೆಯಾದ ಕೆಲವೇ ತಿಂಗಳೊಳಗೆ ಸಕ್ಕರೆ ಚೆನ್ನಾಗಿ ಹತೋಟಿಗೆ ಬಂದರೆ, ಕೆಲವು ಬೆಕ್ಕುಗಳಲ್ಲಿ ಬೀಟಾ ಕೋಶಗಳು ಚೇತರಿಸಿಕೊಂಡು ಇನ್ಸುಲಿನ್ ಅಗತ್ಯವೇ ಇಲ್ಲದಂತಾಗುತ್ತದೆ. ಇಂತಹ ಹಂತದಲ್ಲಿ ಪರೀಕ್ಷೆಯಿಲ್ಲದೆ ಹಳೆಯ ಪ್ರಮಾಣವನ್ನೇ ಮುಂದುವರಿಸಿದರೆ ಸಕ್ಕರೆ ಕುಸಿಯುತ್ತದೆ. ಉಪಶಮನ ಪಡೆದ ಬೆಕ್ಕಿನಲ್ಲಿ ಕಾಯಿಲೆ ಮರುಕಳಿಸಬಹುದಾದ್ದರಿಂದ ಆಹಾರದ ಪಥ್ಯ ಮತ್ತು ನಿಯತ ಪರೀಕ್ಷೆ ಮುಂದುವರಿಯುತ್ತವೆ.

## ಉತ್ತರ ಕರ್ನಾಟಕದಲ್ಲಿ ನಿರ್ವಹಣೆ

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯಂತಹ ತಾಲ್ಲೂಕುಗಳಲ್ಲಿ ಬೇಸಿಗೆಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರುವುದರಿಂದ ಇನ್ಸುಲಿನ್ ಸಂಗ್ರಹಣೆ ವಿಶೇಷ ಗಮನ ಬೇಡುತ್ತದೆ. ತೆರೆಯದ ಬಾಟಲಿಯನ್ನು ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ನಂತರವೂ ಬಳಕೆಗೆ ಯೋಗ್ಯವಲ್ಲ. ಫ್ರಿಜ್ ಇಲ್ಲದಿದ್ದರೆ ಅಥವಾ ವಿದ್ಯುತ್ ಕಡಿತ ದೀರ್ಘವಾಗಿದ್ದರೆ, ಬಳಕೆಯಲ್ಲಿರುವ ಬಾಟಲಿಯನ್ನು ನೀರು ತಾಗದಂತೆ ಮುಚ್ಚಿ, ನೆರಳಿನಲ್ಲಿ ಒದ್ದೆಯಾಗಿಟ್ಟ ಮಣ್ಣಿನ ಮಡಕೆಯೊಳಗೆ ಇಡುವುದರಿಂದ ಶಾಖ ತಗ್ಗುತ್ತದೆ. ಸ್ವಚ್ಛವಾಗಿರಬೇಕಾದ ಗ್ಲಾರ್ಜಿನ್ ಮಬ್ಬಾಗಿದ್ದರೆ ಅದನ್ನು ಬಳಸಬಾರದು.

ಈ ಭಾಗದಲ್ಲಿ ಪಶುಸಂಗೋಪನೆ ಮತ್ತು ಪಶುವೈದ್ಯಕೀಯ ಸೇವಾ ಇಲಾಖೆಯ ಆಸ್ಪತ್ರೆಗಳು ಮೊದಲ ಹಂತದ ಸಂಪರ್ಕ ಕೇಂದ್ರಗಳಾಗಿವೆ. ಮುಧೋಳ ಬಳಿಯ ತಿಮ್ಮಾಪುರದಲ್ಲಿರುವ, ಬೀದರಿನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರವು ಮುಧೋಳ ನಾಯಿ ತಳಿಯ ಸಂಶೋಧನೆಗೆ ಮೀಸಲಾಗಿದೆ. ಇದೇ ವಿಶ್ವವಿದ್ಯಾಲಯದ ಬೀದರ್ ಮತ್ತು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜುಗಳಲ್ಲಿ ಬೋಧನಾ ಆಸ್ಪತ್ರೆಗಳಿವೆ. ತಜ್ಞರು ದೂರದಲ್ಲಿರುವ ಊರುಗಳಲ್ಲಿ ದಿನಾಂಕ, ಸಮಯ, ಸಕ್ಕರೆಯ ಅಂಕಿ, ನೀಡಿದ ಯೂನಿಟ್ ಮತ್ತು ತಿಂದ ಆಹಾರವನ್ನು ಬರೆದಿಟ್ಟ ಪುಸ್ತಕವೇ ಮುಂದಿನ ಪ್ರಮಾಣ ನಿರ್ಧರಿಸಲು ವೈದ್ಯರಿಗೆ ಸಿಗುವ ಮುಖ್ಯ ಆಧಾರ. ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಚುಚ್ಚುಮದ್ದು ನೀಡುವುದಾದರೆ, ಒಂದೇ ಹೊತ್ತಿನ ಔಷಧ ಎರಡು ಬಾರಿ ಸೇರದಂತೆ ತಡೆಯುವುದೂ ಇದೇ ದಾಖಲೆಯಿಂದ ಸಾಧ್ಯವಾಗುತ್ತದೆ.