ಅಂಗಳಕ್ಕೆ ಬಂದ ಬೆಳಕು



ಕಳೆದ ಮಳೆಗಾಲದ ಒಂದು ಸಂಜೆ ನನ್ನ ಮನೆಯಾಕೆ ಕೊಟ್ಟಿಗೆಯಿಂದ ಹಿಂದಿರುಗುವಾಗ ಪಾಚಿಗಟ್ಟಿದ ಮೆಟ್ಟಿಲಿನಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಒಂದು ಕೈಯಲ್ಲಿ ಹಾಲಿನ ಚೊಂಬು, ಇನ್ನೊಂದರಲ್ಲಿ ಟಾರ್ಚು. ಆಧರಿಸಿಕೊಳ್ಳಲು ಮೂರನೆಯ ಕೈ ಇರಲಿಲ್ಲ.

ಕಮ್ಮರಡಿಯ ನಮ್ಮ ಮನೆಯಲ್ಲಿ ಹೊರಗಿನ ಬೆಳಕೆಂಬುದು ಎಂದೂ ಒಂದೆಡೆ ನಿಂತದ್ದಲ್ಲ. ಅದು ಮನುಷ್ಯನೊಂದಿಗೆ ನಡೆಯುತ್ತಿತ್ತು. ತುಳಸಿಕಟ್ಟೆಯ ಹಣತೆ ದೇವರ ಪಾಲಿನದು. ತೋಟ ದಾಟಿ ಬರುವವರು ಸೂಡಿ ಬೀಸುತ್ತ ಬರುತ್ತಿದ್ದರು. ಅಜ್ಜಯ್ಯ ಲಾಟೀನು ಹಿಡಿಯುತ್ತಿದ್ದರು. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಮಾತ್ರ ಅಂಗಳದಲ್ಲಿ ಗ್ಯಾಸ್‌ಲೈಟು ತೂಗುತ್ತಿತ್ತು. ಅದರ ಬುಸ್ಸೆನ್ನುವ ಸದ್ದು, ಪಂಪು ಹೊಡೆಯಲು ನಮ್ಮ ಜಗಳ, ಮುಟ್ಟಿದರೆ ಬೂದಿಯಾಗುವ ಮ್ಯಾಂಟಲು ಇಂದಿಗೂ ನೆನಪಿವೆ.

ವಿದ್ಯುತ್ತಿನ ಚರಿತ್ರೆಯನ್ನು ತರಗತಿಯಲ್ಲಿ ನಿಮಗೆ ಎಷ್ಟೋ ಸಲ ಹೇಳಿದ್ದೇನೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಹಳ್ಳಿಯ ಸರದಿ ಬಹಳ ತಡ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಬೆಳಕಿಗಾಗಿ ನೆಲ ಬಿಟ್ಟವರಲ್ಲಿ ಹಲವರು ಬಹುಕಾಲ ಚಿಮಣಿ ಬುಡ್ಡಿಯಲ್ಲೇ ಕಳೆದರು. ಮುಂದೆ ಭಾಗ್ಯಜ್ಯೋತಿ ಯೋಜನೆ ಬಡವರ ಮನೆಗೆ ಕೊಟ್ಟದ್ದು 40 ವಾಟಿನ ಒಂದೇ ಬಲ್ಬು. ಒಂದೇ ಬಲ್ಬಿದ್ದವರು ಅದನ್ನು ಅಂಗಳದಲ್ಲಿ ಉರಿಸುವರೇ? ನಮ್ಮ ಮನೆಗೆ ಕರೆಂಟು ಬಂದ ಮೇಲೂ ಅದು ಜಗಲಿಯಿಂದಾಚೆ ಇಳಿಯಲಿಲ್ಲ.

ಮಗ ಬೆಂಗಳೂರಿನಿಂದ ನಕ್ಷೆಯನ್ನೇ ಕಳುಹಿಸಿದ: ಮಾಡಿನ ಕೆಳಗೆ ಸುತ್ತಲೂ ಅಲ್ಯೂಮಿನಿಯಂ ಹಳಿ, ಅದರಲ್ಲಿ ಸರಿಸಬಹುದಾದ 14 ದೀಪಗಳು. 'ಟ್ರ್ಯಾಕ್ ಲೈಟ್' ಎಂದರೆ ಇದೇ. ವಯರಿಂಗಿಗೆ ಬಂದವನು ನನ್ನ ಹಳೆಯ ಶಿಷ್ಯ. ನಕ್ಷೆಯನ್ನು ಮಡಿಸಿಟ್ಟು, "ಮೇಷ್ಟ್ರೇ, ರಾತ್ರಿ ನೀವಿಬ್ಬರೂ ಎಲ್ಲೆಲ್ಲಿ ಕಾಲಿಡುತ್ತೀರಿ, ನಡೆದು ತೋರಿಸಿ" ಎಂದ. ಕತ್ತಲಾದ ಮೇಲೆ ನಡೆದು ತೋರಿಸಿದೆವು: ಜಗಲಿ, ಬಚ್ಚಲು, ಕೊಟ್ಟಿಗೆಯ ಮೆಟ್ಟಿಲು. ಅಷ್ಟೇ! ಹದಿನಾಲ್ಕು ಆರಾಯಿತು.

ಮನೆಯೊಳಗಿನ ಹಳಿ ಹೊರಗೆ ಸಲ್ಲದು; ಆಗುಂಬೆಯ ನೆರೆಯ ಈ ಮಳೆಗೆ ನೀರು ಹೊಗದಂತೆ ಮಾಡಿದ ಐಪಿ 65 ದರ್ಜೆಯದೇ ಬೇಕು. ಒದ್ದೆ ಅಂಗಳಕ್ಕೆ 230 ವೋಲ್ಟು ಬೇಡವೆಂದು 24 ವೋಲ್ಟಿನದನ್ನು ಆರಿಸಿ, ಅದರ ಪೆಟ್ಟಿಗೆಯನ್ನು ಜಗಲಿಯೊಳಗೇ ಇಟ್ಟೆವು. ವೋಲ್ಟು ಇಳಿದರೆ ಅಷ್ಟೇ ವಾಟಿಗೆ ಹರಿಯುವ ಕರೆಂಟು ಹೆಚ್ಚುತ್ತದೆ. ತಂತಿ ತೆಳುವಾಗಿ ಉದ್ದವಾದರೆ ಕೊನೆಯ ದೀಪ ಮಂಕಾಗುತ್ತದೆ. ಆದ್ದರಿಂದ ದಪ್ಪ ತಂತಿ. ಐದೈದು ವಾಟಿನ ಆರೂ ದೀಪ ಸೇರಿ 30 ವಾಟು, ಭಾಗ್ಯಜ್ಯೋತಿಯ ಒಂದು ಬಲ್ಬಿಗಿಂತ ಕಡಿಮೆ! ನೀಲಿ ಎಲ್‌ಇಡಿಗಾಗಿ ಅಕಸಾಕಿ, ಅಮಾನೊ, ನಕಮುರಾ ಅವರಿಗೆ 2014ರಲ್ಲಿ ನೊಬೆಲ್ ಬಂದದ್ದು ಏಕೆಂದು ಅಂದು ನನಗೆ ಮನದಟ್ಟಾಯಿತು.

ತೋಟದ ಕಡೆಗೆ ಒಂದನ್ನೂ ತಿರುಗಿಸಕೂಡದೆಂಬುದು ನನ್ನ ಹಟ. ಮಿಂಚುಹುಳುಗಳು ಸಂಗಾತಿಯನ್ನು ಕರೆಯುವುದು ಬೆಳಕಿನಿಂದ. ನಮ್ಮ ದೀಪ ಆ ಕರೆಯನ್ನು ಅಳಿಸಿಬಿಡುತ್ತದೆ. ಎಲ್ಲ ದೀಪಗಳೂ ಹಳದಿ ಛಾಯೆಯವು, ಮುಖ ನೆಲಕ್ಕೆ. ಮಗನಿಗೆ ಸ್ವಲ್ಪ ನಿರಾಸೆ. ಫೋಟೋದಲ್ಲಿ ಮನೆಯೇ ಕಾಣುವುದಿಲ್ಲವಂತೆ.

ಮಳೆಹುಳು ಏಳುವ ಸಂಜೆ ಎಲ್ಲವನ್ನೂ ಆರಿಸುತ್ತೇವೆ. ಟಾರ್ಚು ಜಗಲಿಯ ಮೊಳೆಯಲ್ಲಿ ಈಗಲೂ ತೂಗುತ್ತಿದೆ. ಗಾಳಿಮಳೆಗೆ ಕರೆಂಟು ಹೋದಾಗ ಬೇಕಲ್ಲ. ಆದರೆ ಹಾಲಿನ ಚೊಂಬು ಹಿಡಿದು ಬರುವವಳ ಇನ್ನೊಂದು ಕೈ ಈಗ ಮೆಟ್ಟಿಲ ಪಕ್ಕದ ಕಂಬಿಯ ಮೇಲಿರುತ್ತದೆ.